ಒಂದು ಪ್ರತಿ ಅಲ್ಲೇ ಇರಲಿ

ಬಂದ ಕಾಗದವನ್ನು ಓದಿದ ಮೇಲೆ ಏನು ಮಾಡಬೇಕು ಎಂಬುದು ನಮ್ಮ ಅಜ್ಜಿಯರ ಕಾಲದಲ್ಲಿ ತಲೆ ಕೆಡಿಸಿಕೊಳ್ಳುವಂಥ ಪ್ರಶ್ನೆಯಾಗಿರಲಿಲ್ಲ. ನಡುಮನೆಯ ಗೋಡೆಯ ಮೊಳೆಗೆ ಒಂದು ಕೊಕ್ಕೆ ತಂತಿ ತೂಗುಹಾಕಿರುತ್ತಿದ್ದರು. ಮದುವೆಯ ಕರೆಯೋಲೆ, ಕಂದಾಯದ ರಸೀತಿ, ತವರಿನಿಂದ ಬಂದ ಕಾರ್ಡು ಎಲ್ಲವೂ ಅದಕ್ಕೇ ಚುಚ್ಚಿಕೊಂಡು ಒಂದರ ಮೇಲೊಂದು ಕೂರುತ್ತಿದ್ದವು. ಸಾವಿನ ಸುದ್ದಿ ಹೊತ್ತು ತಂದ ಕಾಗದವನ್ನು ಮಾತ್ರ ಓದಿದ ಕೂಡಲೇ ಹರಿದು ಹಾಕುತ್ತಿದ್ದರು. ಅದು ಮನೆಯೊಳಗೆ ಉಳಿಯಬಾರದು. ಹೀಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಉಳಿಸಬಾರದು ಎಂಬುದಕ್ಕೆ ಒಂದು ಸರಳವಾದ ಕಟ್ಟಳೆ ಇತ್ತು.

ಇ-ಮೇಲ್ ಬಂದ ಮೇಲೆ ಈ ಪ್ರಶ್ನೆ ಒಂದು ಸಣ್ಣ ಚೌಕದೊಳಗೆ ಬಂದು ಕುಳಿತಿದೆ. ಕಂಪ್ಯೂಟರಿನಲ್ಲಿ ಔಟ್‌ಲುಕ್, ಥಂಡರ್‌ಬರ್ಡ್ ಮುಂತಾದ ಅಂಚೆಯ ಪ್ರೋಗ್ರಾಮುಗಳನ್ನು ಹಾಕಿಕೊಂಡವರು ಅದನ್ನು ನೋಡಿರುತ್ತೀರಿ. ಪತ್ರಗಳ ಪ್ರತಿಯನ್ನು ಸರ್ವರಿನಲ್ಲೇ ಬಿಡಬೇಕೆ ಎಂದು ಅದು ಕೇಳುತ್ತದೆ. ಎದುರಿಗೆ ಒಂದು ಪುಟ್ಟ ಚೌಕ. ಅದರಲ್ಲಿ ಗುರುತು ಹಾಕಬಹುದು, ಬಿಡಬಹುದು. ಹಾಕಿದರೆ ಎಷ್ಟು ದಿನದವರೆಗೆ ಎಂದು ಇನ್ನೊಂದು ಪ್ರಶ್ನೆ. ಅಲ್ಲಿ ಸಾಮಾನ್ಯವಾಗಿ 14 ಎಂದು ತುಂಬಿರುತ್ತದೆ. ಬಹಳಷ್ಟು ಜನ ಇದನ್ನು ರಿಪೇರಿಗೆ ಬರುವ ಹುಡುಗನ ಪಾಲಿಗೆ ಬಿಟ್ಟುಬಿಡುತ್ತಾರೆ. ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದು ನೀವು ಕೇಳಬಹುದು. ಇದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಮೊದಲು ಅದು ನಡೆಯುವ ಬಗೆಯನ್ನು ಹೇಳಿಬಿಡುತ್ತೇನೆ. ನಮ್ಮ ಬಸವೇಶ್ವರನಗರ, ರಾಜಾಜಿನಗರದ ಮನೆಗಳಲ್ಲಿ ನೀರಿನ ವ್ಯವಸ್ಥೆ ಗೊತ್ತಲ್ಲ, ಹಾಗೆಯೇ. ದೂರದಲ್ಲೊಂದು ದೊಡ್ಡ ಟ್ಯಾಂಕು, ಮನೆಯ ಮುಂದೆ ನೆಲದಡಿಯಲ್ಲಿ ಒಂದು ಸಂಪು. ನೀರು ಬಿಟ್ಟ ದಿನ ಸಂಪು ತುಂಬಿಸಿಕೊಳ್ಳಬೇಕು, ಆಮೇಲೆ ನಮ್ಮ ಪಾಡು ನಮಗೆ. ಸರ್ವರ್ ಎಂದರೆ ಆ ದೊಡ್ಡ ಟ್ಯಾಂಕು. ನಮ್ಮ ಹೆಸರಿಗೆ ಬಂದದ್ದೆಲ್ಲ ಮೊದಲು ಅಲ್ಲಿ ಬಂದು ನಿಲ್ಲುತ್ತದೆ. ಮನೆಯ ಕಂಪ್ಯೂಟರು ಸಂಪು. ನೀರಿಗೂ ಪತ್ರಕ್ಕೂ ಒಂದು ವ್ಯತ್ಯಾಸವಿದೆ. ನೀರು ಇಲ್ಲಿಗೆ ಬಂದರೆ ಅಲ್ಲಿರುವುದಿಲ್ಲ. ಪತ್ರ ಹಾಗಲ್ಲ. ಇಲ್ಲಿಗೆ ಬಂದದ್ದು ಬರಿಯ ಪ್ರತಿ. ಅಲ್ಲಿರುವುದನ್ನು ಅಳಿಸು ಎಂದು ನಾವು ಬೇರೆಯಾಗಿ ಹೇಳಿದರೆ ಮಾತ್ರ ಅದು ಅಳಿಯುತ್ತದೆ.

ಈ ಏರ್ಪಾಟಿಗೆ ಇಟ್ಟ ಹೆಸರು ಪೋಸ್ಟ್ ಆಫೀಸ್ ಪ್ರೋಟೊಕಾಲ್. ಚಿಕ್ಕದಾಗಿ ಪಾಪ್. 1984ರಲ್ಲಿ ಹುಟ್ಟಿದ ಇದರ ಮೂರನೆಯ ಅವತಾರಕ್ಕೆ 1996ರಲ್ಲಿ ಬರೆದ ನಿಯಮಗಳೇ ಇಂದಿಗೂ ನಡೆಯುತ್ತಿವೆ. ಅದರಲ್ಲಿ ನನಗೆ ತುಂಬ ಹಿಡಿಸಿದ ಒಂದು ಸಂಗತಿಯಿದೆ. ನಮ್ಮ ಕಂಪ್ಯೂಟರು ಸರ್ವರಿನ ಬಾಗಿಲಿಗೆ ಹೋಗಿ, ಪತ್ರ ಇಳಿಸಿಕೊಂಡು, ಇನ್ನು ಇದನ್ನು ಅಳಿಸು ಎಂದು ಹೇಳಿದ ತಕ್ಷಣ ಸರ್ವರ್ ಅಳಿಸುವುದಿಲ್ಲ. ಒಂದು ಗುರುತು ಮಾಡಿಕೊಂಡು ಸುಮ್ಮನಿರುತ್ತದೆ. ಹೋಗಿಬರುತ್ತೇನೆ ಎಂದು ಹೇಳಿ ನಮ್ಮ ಕಂಪ್ಯೂಟರು ಸರಿಯಾಗಿ ಹೊರಟ ಮೇಲಷ್ಟೆ ಅಳಿಸುತ್ತದೆ. ನಡುವೆ ತಂತಿ ಕಡಿದುಹೋದರೆ ಏನೂ ಅಳಿಸದೆ ಎಲ್ಲವನ್ನೂ ಇದ್ದಂತೆಯೇ ಇಟ್ಟಿರುತ್ತದೆ. ಅತಿಥಿ ಹೊಸ್ತಿಲು ದಾಟುವವರೆಗೆ ಎಲೆ ಎತ್ತದ ಮನೆಗಳಂತೆ!

ಆಗೆಲ್ಲ ತಂತಿ ಕಡಿಯುತ್ತಲೇ ಇತ್ತು. ನಮ್ಮ ದೇಶದಲ್ಲಿ ಇ-ಮೇಲ್ ಮೊದಲು ಓಡಾಡಿದ್ದು 1986ರಲ್ಲಿ ಆರಂಭವಾದ ಅರ್‌ನೆಟ್ ಎಂಬ ಯೋಜನೆಯಲ್ಲಿ, ವಿದ್ಯಾಸಂಸ್ಥೆಗಳ ನಡುವೆ. ಮಲ್ಲೇಶ್ವರದ ಆಚೆಗಿರುವ ನಮ್ಮ ಟಾಟಾ ಇನ್‌ಸ್ಟಿಟ್ಯೂಟೂ ಅದರಲ್ಲಿತ್ತು. ಮನೆಗಳಿಗೆ ಇಂಟರ್‌ನೆಟ್ ಬರುವ ದಾರಿ ತೆರೆದದ್ದು 1995ರ ಆಗಸ್ಟ್ 15ರಂದು. ಟೆಲಿಫೋನಿನ ತಂತಿಯಲ್ಲೇ ಅದೂ ಬರಬೇಕು. ಅದು ಬರುತ್ತಿರುವಾಗ ಫೋನು ಸತ್ತಂತೆ. ಹೊತ್ತು ಹೋದಷ್ಟೂ ಬಿಲ್ಲು ಏರುತ್ತದೆ. ಆದ್ದರಿಂದ ಸರಸರನೆ ಹೋಗಿ, ಪತ್ರಗಳನ್ನು ಬಾಚಿಕೊಂಡು ಬಂದು, ತಂತಿ ಕಳಚಿ, ನೆಮ್ಮದಿಯಾಗಿ ಓದುವುದು ಪದ್ಧತಿಯಾಯಿತು. ಸರ್ವರಿನಲ್ಲಿ ಜಾಗವೂ ಕಡಿಮೆ. ಬೆಂಗಳೂರಿನಲ್ಲಿ ಶಾಲೆಗೆ ಹೋಗಿದ್ದ ಸಬೀರ್ ಭಾಟಿಯಾ ಗೆಳೆಯ ಜ್ಯಾಕ್ ಸ್ಮಿತ್ ಜತೆಗೂಡಿ 1996ರಲ್ಲಿ ತೆರೆದ ಹಾಟ್‌ಮೇಲ್‌ನಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದ ಜಾಗ 2 ಎಂಬಿ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸುವುದು ಕಷ್ಟ. ಅಲ್ಲಿ ಬಿಡುವುದು ಎಂದರೆ ಆಗ ಒಂದು ದುಂದುಗಾರಿಕೆ.

ಹೀಗೆ ಬಾಚಿಕೊಂಡು ಬಂದವರ ಕತೆಗಳು ನಮ್ಮ ಕಡೆ ಮನೆಗೊಂದು ಇವೆ. ವಿಜಯನಗರದಲ್ಲಿರುವ ನನ್ನ ಹಿರಿಯ ಗೆಳತಿಯೊಬ್ಬರ ಮಗಳು 1999ರಲ್ಲಿ ಮದುವೆಯಾಗಿ ಅಮೆರಿಕಕ್ಕೆ ಹೋದಳು. ದಿನ ಬಿಟ್ಟು ದಿನ ಪತ್ರ. ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುತ್ತಿದ್ದಳು. ಸಾರಿನ ಪುಡಿಗೆ ಮೆಂತ್ಯ ಎಷ್ಟು, ಹುಳಿ ಒಡೆದರೆ ಏನು ಮಾಡಲಿ, ಹಿಮ ಬಿದ್ದಿದೆ, ಬಾಗಿಲು ತೆಗೆಯಲಾಗುತ್ತಿಲ್ಲ, ನೀನು ನೆನಪಾದೆ. ತಂದೆ ಅಂಚೆ ಇಳಿಸುವರು, ತಾಯಿ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದುವರು. 2003ರಲ್ಲಿ ಆ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ಅದರೊಡನೆ ನಾಲ್ಕು ವರ್ಷಗಳ ಕಾಗದವೆಲ್ಲ ಹೋಯಿತು. ಕಂಪ್ಯೂಟರು ಕೂಡಿಸಿಕೊಟ್ಟವನು ಆ ಚೌಕದಲ್ಲಿ ಗುರುತು ಹಾಕಿರಲಿಲ್ಲ, ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ಮಗಳು ಅಷ್ಟು ಹೊತ್ತಿಗೆ ಕೆಲಸ ಬದಲಿಸಿ ಹಳೆಯ ವಿಳಾಸವನ್ನೇ ಕಳೆದುಕೊಂಡಿದ್ದಳು. ಈಗ ದಿನವೂ ಮೊಬೈಲಿನಲ್ಲಿ ಮಗಳ ಮುಖ ಕಾಣುತ್ತದಲ್ಲ ಎಂದರೆ ಗೆಳತಿ ಒಪ್ಪುವುದಿಲ್ಲ. ‘ಇವಳು ಐವತ್ತರ ಹತ್ತಿರದವಳು. ಆ ಇಪ್ಪತ್ತಮೂರರ ಹುಡುಗಿ ಎಲ್ಲಿ?’ ಎನ್ನುತ್ತಾರೆ.

ಇದನ್ನು ಕೇಳಿದ ಯಾರಿಗಾದರೂ ಒಂದು ಪ್ರತಿ ಅಲ್ಲೇ ಇರಬೇಕಿತ್ತು ಎನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು. ಹಾಗಾದರೆ ಎಲ್ಲವೂ ಎರಡೆರಡು ಕಡೆ, ಎಂದೆಂದಿಗೂ ಇರಲಿ ಎಂದು ತೀರ್ಮಾನಿಸಿಬಿಡಬಹುದೆ? ನಾವು ಬಸವಣ್ಣನ ಹೆಸರಿನ ಬಡಾವಣೆಯಲ್ಲಿ ಮನೆ ಮಾಡಿಕೊಂಡವರು. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಏಳನೆಯ ತರಗತಿಯ ಮಕ್ಕಳಿಗೆ ವರ್ಷಾ ವರ್ಷಾ ಹೇಳುತ್ತೇನೆ. ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಬೇಕಾದ್ದಕ್ಕಿಂತ ಹೆಚ್ಚಿದ್ದು ನಮಗೆ ಬೇಡ, ಅಲ್ಲಿಗೇ ಸುರಿದು ಬನ್ನಿ ಎಂದು ಕಳಿಸಿದಳು. ಕತೆ ಮುಗಿಸಿ ಸ್ಟಾಫ್ ರೂಮಿಗೆ ಬಂದು ಮೊಬೈಲ್ ತೆಗೆದರೆ ನನ್ನ ಇ-ಮೇಲ್‌ನಲ್ಲಿ ಸಾವಿರಗಟ್ಟಲೆ ಓದದ ಪತ್ರಗಳು, ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಬ್ಯಾಂಕಿನ ಶುಭಾಶಯ. 2004ರ ಏಪ್ರಿಲ್ 1ರಂದು ಗೂಗಲಿನವರು ಜಿಮೇಲ್‌ನಲ್ಲಿ ಒಂದು ಜಿಬಿ ಜಾಗ ಕೊಡುತ್ತೇವೆ ಎಂದಾಗ ಅನೇಕರು ಏಪ್ರಿಲ್ ಫೂಲ್ ಎಂದುಕೊಂಡರಂತೆ. ಅಂದಿನಿಂದ ಅಳಿಸುವ ಅಭ್ಯಾಸವೇ ನಮಗೆ ತಪ್ಪಿಹೋಯಿತು. ಅಕ್ಕಿಯ ರಾಶಿಯೇ ಮನೆಯಾಗಿರುವಾಗ ಆಯುವುದು ಏನನ್ನು?

ಜಾಗ ಕಡಿಮೆ ಇರುವ ಕಡೆ ಇದರ ಫಲ ಬೇಗ ಕಾಣುತ್ತದೆ. ನಮ್ಮ ಶಾಲೆಗೊಂದು ಅಂಚೆಪೆಟ್ಟಿಗೆಯಿದೆ, ಶಾಲೆಯ ಹೆಸರಿನದೇ. ಅಗ್ಗದ ಬಾಡಿಗೆಯದು, ಸಣ್ಣದು. ಒಂದು ವರ್ಷ ಗುರುತು ಹಾಕಿ ದಿನದ ಲೆಕ್ಕ ಹಾಕದೆ ಬಿಟ್ಟಿದ್ದರಿಂದ ಪೆಟ್ಟಿಗೆ ತುಂಬಿ, ಜೂನ್ ತಿಂಗಳಲ್ಲಿ ದಾಖಲಾತಿ ಕೇಳಿ ಬರೆದ ತಂದೆತಾಯಿಯರ ಪತ್ರಗಳೆಲ್ಲ ಬಂದ ದಾರಿಯಲ್ಲೇ ವಾಪಸಾದವು. ಮೂರು ವರ್ಷ ಹಿಂದಿನ ಕ್ರೀಡಾಕೂಟದ ಫೋಟೋಗಳು ಮಾತ್ರ ಒಳಗೆ ಆರಾಮವಾಗಿ ಕುಳಿತಿದ್ದವು. 1996ರ ನಿಯಮ ಬರೆದವರಿಗೆ ಇದು ಆಗಲೇ ಹೊಳೆದಿತ್ತು. ಓದಿದ ಪತ್ರವನ್ನು 7 ದಿನ, ಓದದ್ದನ್ನು 60 ದಿನ ಇಟ್ಟು ಅಳಿಸಬಹುದು ಎಂದು ಉದಾಹರಣೆಗೆ ಬರೆದಿದ್ದಾರೆ. ಹಾಗೆ ಅಳಿಸುವವರು ಆ ಪದ್ಧತಿಯನ್ನು ಎಲ್ಲರಿಗೂ ತಿಳಿಸಿರಬೇಕು ಎಂದೂ ಸೇರಿಸಿದ್ದಾರೆ. ಯಂತ್ರದ ನಿಯಮದಲ್ಲಿ ಇಷ್ಟು ಮಾನ ಮರ್ಯಾದೆ ಇರುವುದು ನನಗೆ ಆಶ್ಚರ್ಯವೇ.

ಇಲ್ಲಿಯವರೆಗೆ ಹೇಳಿದ್ದು ಗಂಡಸರೂ ಒಪ್ಪುವ ಮಾತು. ಇನ್ನು ಮುಂದಿನದು ಹೆಂಗಸರು ಯೋಚಿಸಬೇಕಾದದ್ದು.

ಪತ್ರವನ್ನು ಮನೆಗೆ ತರುವುದೇ ಅದನ್ನು ಸುರಕ್ಷಿತವಾಗಿ ಇಡುವುದು ಎಂದು ಪ್ರೋಗ್ರಾಮು ಬರೆದವರು ಭಾವಿಸಿದ್ದರು. ಯಾರ ಮನೆ? ನಮ್ಮ ಕಡೆ ಸೊಸೆಗೆ ತವರಿನಿಂದ ಬಂದ ಕಾಗದ ಮಾವನ ಕೈಯಲ್ಲಿ ಒಡೆಯುತ್ತಿತ್ತು. ಓದಿ, ಮಡಿಸಿ, ಊಟದ ಹೊತ್ತಿಗೆ ‘ನಿಮ್ಮಮ್ಮ ಚೆನ್ನಾಗಿದ್ದಾರಂತೆ’ ಎಂದು ಕೊಡುತ್ತಿದ್ದರು. ಕೆಟ್ಟವರೇನಲ್ಲ, ಅದು ರೂಢಿ. ಅದನ್ನು ತಿಳಿದ ತಾಯಂದಿರು ಬರೆಯಬೇಕಾದದ್ದನ್ನು ಬರೆಯದೆ, ಬರೆಯಬಹುದಾದದ್ದನ್ನು ಮಾತ್ರ ಬರೆಯುತ್ತಿದ್ದರು. ನಿಜವಾದ ಮಾತು ಬರೆದು ಬಂದ ಕಾಗದವನ್ನು ಓದಿ ಒಲೆಗೆ ಹಾಕಿದ ಹೆಂಗಸರು ಎಷ್ಟು ಮಂದಿಯೋ. ಕಂಪ್ಯೂಟರು ಬಂದಾಗ ಅದನ್ನು ಎಲ್ಲಿಟ್ಟರು? ಹಾಲ್‌ನಲ್ಲಿ, ಕ್ರೋಷಾದ ಬಟ್ಟೆ ಹೊದಿಸಿ. ಅಂಚೆಯ ಪ್ರೋಗ್ರಾಮು ತೆರೆಯಲು ಗುಪ್ತಪದವನ್ನು ಪ್ರತಿಸಲ ಕೇಳುವುದಿಲ್ಲ, ಒಮ್ಮೆ ಹೇಳಿಕೊಟ್ಟರೆ ನೆನಪಿಟ್ಟುಕೊಳ್ಳುತ್ತದೆ. ಹಾದುಹೋಗುವವರೆಲ್ಲ ಓದಬಹುದು. ಅಂಥ ಮನೆಯಲ್ಲಿ ಪತ್ರವನ್ನು ಮನೆಗೆ ತರುವುದು ಎಂದರೆ ಹಾಲ್‌ನಲ್ಲಿ ಹರಡಿದ ಹಾಗೆ. ಹೆಣ್ಣುಮಗಳ ಸ್ವಂತ ಬೀರು ಎಂದರೆ ಊರಾಚೆಯ ಸರ್ವರೇ. ಅದರ ಬೀಗದ ಕೈ ಅವಳ ತಲೆಯೊಳಗಿರುತ್ತದೆ.

ಅಂಚೆಯ ಪ್ರೋಗ್ರಾಮುಗಳಲ್ಲಿ ಬಹಳ ಹೆಸರು ಮಾಡಿದ ಒಂದಕ್ಕೆ ಯೂಡೋರಾ ಎಂದು ಹೆಸರಿತ್ತು. ಸ್ಟೀವ್ ಡಾರ್ನರ್ ಎಂಬಾತ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಬರೆದದ್ದು. ಆ ಹೆಸರು ಯೂಡೋರಾ ವೆಲ್ಟಿ ಎಂಬ ಲೇಖಕಿಯದು. ಆಕೆ ಬರೆದ ಒಂದು ಸಣ್ಣಕತೆಯಲ್ಲಿ ಹೆಣ್ಣೊಬ್ಬಳು ಮನೆಯವರ ಜತೆ ಜಗಳವಾಡಿ, ತನ್ನ ಸಾಮಾನು ಕಟ್ಟಿಕೊಂಡು, ತಾನು ಕೆಲಸ ಮಾಡುವ ಪೋಸ್ಟ್ ಆಫೀಸಿಗೇ ಹೋಗಿ ನೆಲೆಸುತ್ತಾಳೆ. ಮನೆಯಲ್ಲಿ ಜಾಗವಿಲ್ಲದವಳಿಗೆ ಅಂಚೆಕಚೇರಿಯೇ ಮನೆ. ಆ ಕತೆ ನೆನಪಾಗಿಯೇ ಹೆಸರಿಟ್ಟದ್ದು. ಪತ್ರಗಳನ್ನು ಅಂಚೆಕಚೇರಿಯಿಂದ ಮನೆಗೆ ಸಾಗಿಸುವ ಪ್ರೋಗ್ರಾಮಿಗೆ ಅಲ್ಲೇ ಉಳಿದ ಹೆಂಗಸಿನ ಕತೆಯ ಹೆಸರು ಬಂದದ್ದನ್ನು ನೆನೆದು ನಾನೊಬ್ಬಳೇ ನಕ್ಕಿದ್ದೇನೆ.

ಆದರೆ ಸರ್ವರ್ ಎಲ್ಲರಿಗೂ ಬೀರುವಾಗುವುದಿಲ್ಲ. ಶಾಲೆಯ ಆ ಪುಟ್ಟ ಪೆಟ್ಟಿಗೆಯ ಮಾತನ್ನೇ ಮತ್ತೆ ಹೇಳಬೇಕು. ಅದನ್ನು ಮೂರು ಕಂಪ್ಯೂಟರುಗಳಲ್ಲಿ ನೋಡುತ್ತಾರೆ. ಒಂದು ಕಚೇರಿಯದು, ಒಂದು ಮುಖ್ಯೋಪಾಧ್ಯಾಯಿನಿಯವರದು, ಒಂದು ಪರೀಕ್ಷಾ ವಿಭಾಗದ್ದು. ಮೊದಲು ತೆರೆದವರು ಇಳಿಸಿಕೊಂಡು ಅಳಿಸಿಬಿಟ್ಟರೆ ಉಳಿದಿಬ್ಬರಿಗೆ ಏನೂ ಕಾಣದು. ಅದಕ್ಕೆಂದೇ ಪ್ರತಿ ಸರ್ವರಿನಲ್ಲಿ ಇರಲಿ ಎಂದು ಗುರುತು ಹಾಕಲಾಗಿತ್ತು. ಹಂಚಿಕೊಂಡ ವಿಳಾಸದಲ್ಲಿ ಅದು ಬಿಡುವುದು ಬಿಡದಿರುವುದು ನಮ್ಮ ಇಷ್ಟವಲ್ಲ, ಅದೊಂದು ಕರ್ತವ್ಯ. ಕೂಡುಕುಟುಂಬದಲ್ಲಿ ಕೊನೆಗೆ ಉಣ್ಣುವವರಿಗೆ ಅನ್ನ ಎತ್ತಿಡುವ ಹಾಗೆ.

ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ನಮ್ಮ ಮಗುವೊಂದರ ತಾಯಿ ಆ ವಿಳಾಸಕ್ಕೆ ಬರೆದರು. ಇನ್ನು ಮೇಲೆ ನನ್ನನ್ನು ಕೇಳದೆ ಮಗುವನ್ನು ಅದರ ತಂದೆಯ ಜತೆ ಕಳಿಸಬೇಡಿ ಎಂಬುದು ವಿಷಯ. ಅಷ್ಟೇ ಬರೆದಿದ್ದರೆ ಯಾಕೆಂದು ನಾವು ಕೇಳುತ್ತೇವೆಂದು ಹೆದರಿಯೋ ಏನೋ, ಕಾರಣವನ್ನೂ ಬರೆದಿದ್ದರು, ಎರಡು ಪುಟ. ರಾತ್ರಿಯೆಲ್ಲ ಕೂತು ಬರೆದದ್ದೆಂದು ಗೊತ್ತಾಗುತ್ತಿತ್ತು. ಒಂಬತ್ತೂವರೆ ಹೊತ್ತಿಗೆ ಅದು ಮೂರು ಕಂಪ್ಯೂಟರಿಗೂ ಇಳಿದಿತ್ತು. ಹತ್ತರ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇಬ್ಬರು ಪಿಸುಗುಟ್ಟುತ್ತಿದ್ದರು.

ಗೇಟಿನ ಕಾವಲುಗಾರನಿಗೆ ತಿಳಿಯಬೇಕಾದದ್ದು ಒಂದು ಸಾಲು. ತರಗತಿಯ ಟೀಚರಿಗೆ ಆ ಸಾಲು, ಮತ್ತೆ ಮಗುವಿನ ಮೇಲೊಂದು ಕಣ್ಣು. ಉಳಿದ ಎರಡು ಪುಟ ಯಾರಿಗೆ ಬೇಕಿತ್ತು? ನಮ್ಮ ಮುಖ್ಯೋಪಾಧ್ಯಾಯಿನಿ ಅದನ್ನು ಸರ್ವರಿನಿಂದ ಅಳಿಸಿದರು. ಅಷ್ಟರಿಂದ ಆಗಲಿಲ್ಲ. ಪಾಪ್‌ನ ಸ್ವಭಾವವೇ ಹಾಗೆ. ಒಮ್ಮೆ ಇಳಿದ ಪ್ರತಿ ಸ್ವತಂತ್ರ. ಟ್ಯಾಂಕಿನಲ್ಲಿ ಅಳಿಸಿದರೆ ಸಂಪಿನದು ಅಳಿಯುವುದಿಲ್ಲ. ಐಮ್ಯಾಪ್ ಎಂಬ ಇನ್ನೊಂದು ಪದ್ಧತಿಯಿದೆ. ಅದರಲ್ಲಿ ಮನೆಯ ಕಂಪ್ಯೂಟರು ಕನ್ನಡಿಯಂತೆ, ಅಲ್ಲಿ ಹೋದದ್ದು ಇಲ್ಲೂ ಹೋಗುತ್ತದೆ. ಇಲ್ಲಿ ಹಾಗಿರಲಿಲ್ಲವಾಗಿ ಅವರು ಒಂದೊಂದು ಮೇಜಿಗೂ ಹೋಗಿ, ಕುರ್ಚಿ ಎಳೆದುಕೊಂಡು ಕೂತು, ತಾವೇ ಅಳಿಸಿದರು.

ಗುಮಾಸ್ತರು ಸುಮ್ಮನಿರಲಿಲ್ಲ. ‘ನಾಳೆ ಗಂಡನ ಕಡೆಯವರು ಬಂದು ಗಲಾಟೆ ಮಾಡಿದರೆ? ಪೊಲೀಸರು ಕೇಳಿದರೆ? ಆ ತಾಯಿಗೇ ಬೇಕಾಗಬಹುದು. ಆಧಾರ ಬೇಡವೇ ಮೇಡಂ?’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೋರ್ಟಿನ ಕಾಗದವಿಲ್ಲದೆ ತಂದೆಯನ್ನು ಗೇಟಿನಲ್ಲಿ ನಿಲ್ಲಿಸಲು ಹೊರಟ ಶಾಲೆಗೆ ಇದ್ದ ಒಂದೇ ಊರುಗೋಲು ಆ ಪತ್ರ. ಕೊನೆಗೆ ಒಂದು ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ, ಲಕೋಟೆಯಲ್ಲಿ ಅಂಟಿಸಿ, ಮುಖ್ಯೋಪಾಧ್ಯಾಯಿನಿಯವರ ಕಬ್ಬಿಣದ ಬೀರುವಿನಲ್ಲಿ ಇಟ್ಟರು. ಆಮೇಲೆ ತಾಯಿಗೆ ಫೋನು ಮಾಡಿ, ಹೀಗೆ ಮಾಡಿದ್ದೇವೆ, ಚಿಂತೆ ಬೇಡ ಎಂದು ತಿಳಿಸಿದರು. ಆಕೆ ಮಗುವಿನ ವಿಷಯವಾಗಿ ಏನೂ ಕೇಳಲಿಲ್ಲವಂತೆ. ಕೇಳಿದ್ದು ಒಂದೇ: ‘ಎಷ್ಟು ಜನ ಓದಿದರು, ಮೇಡಂ?’

ಪತ್ರ ಯಾರದು ಎಂಬ ವ್ಯಾಜ್ಯ ಹಳೆಯದು. ಇಂಗ್ಲೆಂಡಿನಲ್ಲಿ ಕವಿ ಪೋಪ್ ತನ್ನ ಕಾಗದಗಳನ್ನು ಕೇಳದೆ ಅಚ್ಚುಹಾಕಿದ ಪ್ರಕಾಶಕನ ಮೇಲೆ ದಾವೆ ಹೂಡಿದಾಗ, 1741ರಲ್ಲಿ ನ್ಯಾಯಾಲಯ ಕಾಗದದ ಹಾಳೆ ಪಡೆದವರದು, ಅದರಲ್ಲಿನ ಬರವಣಿಗೆ ಬರೆದವರದು ಎಂದು ಬೇರ್ಪಡಿಸಿತು. ಜಾಣತನದ ತೀರ್ಪು. ಆದರೆ ಇ-ಮೇಲ್‌ನಲ್ಲಿ ಹಾಳೆಯೇ ಇಲ್ಲ. ಹಾಳೆ ಇಲ್ಲದ ಮೇಲೆ ಉಳಿಯುವುದು ಬರವಣಿಗೆ. ಅದು ಬರೆದವಳದು. ಹಾಗೆಂದ ಮೇಲೆ ಎಷ್ಟು ಪ್ರತಿ, ಎಲ್ಲೆಲ್ಲಿ ಎಂಬುದರಲ್ಲಿ ಅವಳದೂ ಒಂದು ಮಾತು ನಡೆಯಬೇಕಲ್ಲವೆ? ನಮ್ಮ ಕಂಪ್ಯೂಟರಿನ ಆ ಚೌಕ ಓದುವವರನ್ನು ಮಾತ್ರ ಕೇಳುತ್ತದೆ, ಬರೆದವರನ್ನು ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಗುಟ್ಟಿನ ಪತ್ರ ಬಂದರೆ, ಇದನ್ನು ಇಟ್ಟುಕೊಳ್ಳಲೆ, ಎಲ್ಲಿಡಲಿ ಎಂದು ಬರೆದವರನ್ನೇ ಕೇಳುವುದು ಈಗ ನನ್ನ ಪದ್ಧತಿ. ಕೆಲವರು ನಗುತ್ತಾರೆ. ಇಬ್ಬರು ಮಾತ್ರ, ಅಳಿಸಿಬಿಡಿ ಎಂದು ಬರೆದರು. ಅಳಿಸಿದೆ. ಹಾಗೆ ಅಳಿಸಲು ನನಗೆ ಸಂಕಟವೇನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಏಕೆಂದರೆ ಉಳಿಯುವುದರ ಬೆಲೆಯೂ ಗೊತ್ತು. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚೆಲ್ಲಾಪಿಲ್ಲಿಯಾದಾಗ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ಹೊರಟವರಲ್ಲಿ ಅಕ್ಕನಾಗಮ್ಮನೂ ಇದ್ದಳೆಂದು ಪ್ರತೀತಿ. ಎಲ್ಲವೂ ಕಲ್ಯಾಣದ ಒಂದೇ ಕಡೆ ಇದ್ದಿದ್ದರೆ ಏನು ಗತಿ? ಮುಂದೆ ನೂರಾರು ವರ್ಷ ಆ ವಚನಗಳು ಉಳಿದದ್ದು ಮಠಗಳಲ್ಲಿ, ಮನೆಗಳಲ್ಲಿ, ಪೂಜೆಯ ಗೂಡಿನಲ್ಲಿ, ತಾಳೆಗರಿಯ ಪ್ರತಿಗಳಾಗಿ. ಅಲ್ಲಿದ್ದದ್ದು ಏನೆಂದು ಓದಲು ಬಾರದ ಮನೆಗಳಲ್ಲಿಯೂ ಅರಿಸಿನ ಕುಂಕುಮ ಹಚ್ಚಿ ಕಾಪಾಡಿದ್ದರು. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತೆಗೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದರಿಂದ ನಮಗೆ ಇಂದು ಲಕ್ಕಮ್ಮನ ಮಾತು ಸಿಕ್ಕಿದೆ. ಹೆಚ್ಚಿನದು ಬೇಡ ಎಂದವಳ ಮಾತು ನಮ್ಮವರೆಗೆ ಬಂದದ್ದು ಯಾರೋ ಹೆಚ್ಚಿಗೆ ಒಂದು ಪ್ರತಿ ಮಾಡಿಟ್ಟದ್ದರಿಂದ! ಗಾಂಧೀಜಿಯವರ ಬರಹಗಳ ಇಂಗ್ಲಿಷ್ ಸಂಪುಟಗಳು ನೂರು. ಅವುಗಳಲ್ಲಿ ಕಾಗದಗಳೇ ರಾಶಿ. ಪಡೆದವರು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರಿಂದ ತಾನೆ ಅವು ಸಿಕ್ಕಿದ್ದು?

ಪೂಜೆಯ ಗೂಡಿಗೂ ಸರ್ವರಿಗೂ ಒಂದು ಭೇದವಿದೆ, ಅದನ್ನು ಮರೆಯಬಾರದು. ಗೂಡು ನಮ್ಮದು. ಸರ್ವರ್ ಇನ್ನೊಬ್ಬರದು, ನಾವು ಅಲ್ಲಿ ಬಾಡಿಗೆಯವರು, ಎಷ್ಟೋ ಸಲ ಬಾಡಿಗೆಯನ್ನೂ ಕೊಡದ ಬಾಡಿಗೆಯವರು. ಎರಡು ವರ್ಷ ತೆರೆಯದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿತು. ಮುಂಚಿತವಾಗಿ ಹೇಳಿ ಮಾಡಿದ್ದು, ಆ ಮಾತು ಬೇರೆ. ಆದ್ದರಿಂದ ಅಲ್ಲೊಂದು ಇರಲಿ ಎನ್ನುವವಳು ಇಲ್ಲೊಂದನ್ನೂ ಇಟ್ಟುಕೊಳ್ಳಬೇಕು. ನನ್ನ ತಾಯಿಯ ಆರೋಗ್ಯದ ಕಾಗದಗಳು, ಸೈಟಿನ ಪತ್ರ, ತಮ್ಮ ಬರೆದ ಹದಿನೈದಿಪ್ಪತ್ತು ಕಾಗದ, ಇಷ್ಟನ್ನು ನಾನು ಎರಡು ಕಡೆ ಇಟ್ಟಿದ್ದೇನೆ. ಮಿಕ್ಕದ್ದಕ್ಕೆ 14 ದಿನ ಸಾಕು.

ಕೆಂಗೇರಿಯಲ್ಲಿ ನನ್ನ ಪರಿಚಯದ ನಿವೃತ್ತ ಟೀಚರೊಬ್ಬರಿದ್ದಾರೆ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಇ-ಮೇಲಿನ ಗುಪ್ತಪದ ಒಂದು ಹಳೆಯ ಡೈರಿಯಲ್ಲಿ ಸಿಕ್ಕಿತು. ಈ ಎರಡು ವರ್ಷದ ನಿಯಮ ಕೇಳಿದಂದಿನಿಂದ ಆಕೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅದನ್ನು ತೆರೆಯುತ್ತಾರೆ. ಮೊನ್ನೆ ಮೆಟ್ರೋದಲ್ಲಿ ಸಿಕ್ಕಾಗ, ಪತ್ರಗಳನ್ನೆಲ್ಲ ಓದುತ್ತೀರಾ ಎಂದು ಕೇಳಿದೆ. ‘ಅವರಿಗೆ ಬಂದದ್ದನ್ನು ನಾನು ಯಾಕಮ್ಮ ಓದಲಿ? ಬಾಗಿಲು ತೆಗೆದು, ಗಾಳಿಯಾಡಿಸಿ, ಮುಚ್ಚಿಬಿಡುತ್ತೇನೆ’ ಎಂದರು. ಮಗ ಮಾತ್ರ ಅದನ್ನೆಲ್ಲ ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡು ಖಾತೆ ಮುಚ್ಚಿಬಿಡೋಣ ಎನ್ನುತ್ತಾನಂತೆ. ಈ ವಿಷಯದಲ್ಲಿ ತಾಯಿಗೂ ಮಗನಿಗೂ ಇನ್ನೂ ಒಮ್ಮತವಾಗಿಲ್ಲ.